ಡಿಪಿಎಫ್‌ಗೆ ಯಾವ ಸೆರಾಮಿಕ್? ಕಾರ್ಡಿಯರೈಟ್, ಸಿಲಿಕಾನ್ ಕಾರ್ಬೈಡ್, ಅಲ್ಯೂಮಿನಿಯಂ ಟೈಟನೇಟ್: ಒಂದು ಹೋಲಿಕೆ

ಕರಗಿ ಕೆಟ್ಟುಹೋದ ಡಿಪಿಎಫ್ (ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್, ಅಂದರೆ ಡೀಸೆಲ್ ಹೊಗೆಯಿಂದ ಮಸಿ ಸೋಸುವ ಫಿಲ್ಟರ್) ಒಂದನ್ನು ಉದ್ದಕ್ಕೆ ಸೀಳಿ ನೋಡಿ. ಹೊಗೆ ಒಳಹೋಗುವ ಕಡೆಯ ಅರ್ಧ ಚೆನ್ನಾಗಿಯೇ ಇರುತ್ತದೆ: ನೇರ ಗೋಡೆಗಳು, ಚೌಕ ಕಿಂಡಿಗಳು, ಮೇಲೆ ಕಪ್ಪು ಮಸಿ. ಹಿಂಬದಿಗೆ ಹೋದಂತೆ, ಅದರಲ್ಲೂ ನಟ್ಟನಡುವೆ, ಗೋಡೆಗಳು ಬಾಗಿ, ಒಂದಕ್ಕೊಂದು ಅಂಟಿಕೊಂಡು, ಕೊನೆಗೆ ಗಾಜಿನಂತೆ ಹೊಳೆಯುವ ಒಂದು ಪೊಟರೆಯಾಗಿರುತ್ತವೆ. ಮೊದಲ ಸಲ ಇದನ್ನು ನೋಡಿದಾಗ ನನಗೆ ಲೆಕ್ಕ ಕೂಡಲೇ ಇಲ್ಲ. ಆ ಫಿಲ್ಟರ್ ಕಾರ್ಡಿಯರೈಟ್ ಎಂಬ ಸೆರಾಮಿಕ್ಕಿನದು. ಅದು ಕರಗಲು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಬೇಕು. ಎಂಜಿನ್ನನ್ನು ಎಷ್ಟೇ ದುಡಿಸಿದರೂ ಹೊಗೆ ಅಲ್ಲಿಗೆ ತಲುಪುವಾಗ 700 ಡಿಗ್ರಿ ದಾಟುವುದು ಅಪರೂಪ. ಉಳಿದ ಬಿಸಿ ಬಂದದ್ದೆಲ್ಲಿಂದ?

ಫಿಲ್ಟರ್ ತಾನೇ ಹಿಡಿದಿಟ್ಟುಕೊಂಡಿದ್ದ ಮಸಿಯಿಂದ. ಮಸಿ ಎಂದರೆ ಬಹುಪಾಲು ಇಂಗಾಲ, ಅಂದರೆ ಒಳ್ಳೆಯ ಇದ್ದಿಲಿಗೆ ಸಮ. ಡಿಪಿಎಫ್ ಜಾಲರಿ ಹೌದು, ಆದರೆ ಆಗಾಗ ಅದೇ ಒಲೆಯೂ ಆಗುತ್ತದೆ. ಆದ್ದರಿಂದ ಇದಕ್ಕೆ ವಸ್ತು ಆರಿಸುವಾಗ ದಿನನಿತ್ಯದ ಹೊಗೆಯನ್ನು ನೋಡಿದರೆ ಸಾಲದು. ಮಸಿ ಹತ್ತಿಕೊಂಡು ಉರಿಯುವ ಆ ಕೆಲವು ನಿಮಿಷಗಳು, ಅದರಲ್ಲೂ ಲೆಕ್ಕ ತಪ್ಪಿದ ಒಂದು ಸಲ, ಹೇಗಿರುತ್ತವೆ ಎಂದು ನೋಡಬೇಕು. ಈ ಬರಹದ ಹೋಲಿಕೆಯೆಲ್ಲ ಆ ಕಣ್ಣಿನಿಂದಲೇ. ಮೆಟೀರಿಯಲ್ಸ್ ಓದುತ್ತಿರುವವರು, ಬಿಡಿಭಾಗ ತಯಾರಿಸುವವರು, ಬಸ್ಸು ಲಾರಿಗಳ ನಿರ್ವಹಣೆ ನೋಡಿಕೊಳ್ಳುವವರು ಮನಸ್ಸಿನಲ್ಲಿದ್ದಾರೆ.

ಮೊದಲು ಒಳಗಿನ ರಚನೆ

ಫಿಲ್ಟರಿನ ಒಳಗಿರುವುದು ಜೇನುಹುಟ್ಟಿನಂಥ ಸೆರಾಮಿಕ್ ಇಟ್ಟಿಗೆ. ಒಂದು ಚದರ ಇಂಚಿಗೆ 200ರಿಂದ 300 ಕಿಂಡಿ, ನಡುವಿನ ಗೋಡೆ ಸುಮಾರು 0.3 ಮಿಲಿಮೀಟರ್ ದಪ್ಪ. ಚದುರಂಗದ ಮಣೆಯಲ್ಲಿ ಕಪ್ಪು ಚೌಕ ಬಿಳಿ ಚೌಕ ಇರುವಂತೆ, ಒಂದು ಬಿಟ್ಟು ಒಂದು ಕಿಂಡಿಗೆ ಮುಂದೆ ಬಿರಡೆ. ಮುಂದೆ ತೆರೆದ ಕಿಂಡಿಗಳಿಗೆ ಹಿಂದೆ ಬಿರಡೆ. ಒಳಬಂದ ಹೊಗೆಗೆ ನೇರ ದಾರಿಯಿಲ್ಲ. ಗೋಡೆಯಲ್ಲಿರುವ ಸಣ್ಣ ರಂಧ್ರಗಳ ಮೂಲಕವೇ ಪಕ್ಕದ ಕಿಂಡಿಗೆ ನುಸುಳಬೇಕು. ಮಸಿ ಈಚೆ ಉಳಿಯುತ್ತದೆ, ಗಾಳಿ ಆಚೆ ಹೋಗುತ್ತದೆ.

ಇಲ್ಲಿ ಹೊಸಬರಿಗೆ ಒಗಟಾಗುವ ಸಂಗತಿಯೊಂದಿದೆ. ಗೋಡೆಯ ರಂಧ್ರಗಳ ಅಗಲ 10ರಿಂದ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಮಸಿಯ ಕಣ ಸುಮಾರು 0.1 ಮೈಕ್ರಾನ್. ಹೆಬ್ಬಾಗಿಲಲ್ಲಿ ಸಾಸಿವೆಯನ್ನು ತಡೆಯಲು ಹೊರಟಂತೆ ಕಾಣುತ್ತದೆ. ಆದರೂ ಕೆಲಸ ನಡೆಯುತ್ತದೆ, ಏಕೆಂದರೆ ಅಷ್ಟು ಚಿಕ್ಕ ಕಣ ನೇರವಾಗಿ ಸಾಗುವುದಿಲ್ಲ. ಗಾಳಿಯ ಅಣುಗಳ ತಳ್ಳಾಟಕ್ಕೆ ಸಿಕ್ಕಿ ಅತ್ತಿತ್ತ ಅಲೆದು ರಂಧ್ರದ ಪಕ್ಕಕ್ಕೆ ತಾಗಿ ಅಂಟಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಗೋಡೆಯ ಮೇಲೆ ಮಸಿಯದೇ ತೆಳು ಪದರ ಕಟ್ಟುತ್ತದೆ. ಆಮೇಲೆ ಸೋಸುವ ಕೆಲಸವನ್ನು ಹೆಚ್ಚಾಗಿ ಆ ಪದರವೇ ಮಾಡುತ್ತದೆ. ಹಾಗಾಗಿ ಹೊಚ್ಚಹೊಸ ಫಿಲ್ಟರಿನಿಂದಲೇ ಹೆಚ್ಚು ಕಣ ಸೋರುವುದು, ಸ್ವಲ್ಪ ಓಡಿದ ಫಿಲ್ಟರಿನಿಂದಲ್ಲ.

ಇಷ್ಟೆಲ್ಲ ಪಾಡು ಪಡುವುದಕ್ಕೆ ಕಾರಣ ಗೊತ್ತಿರುವುದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ನಮ್ಮಲ್ಲಿ 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ನಿಯಮದಲ್ಲಿ ಡೀಸೆಲ್ ಕಾರು ಒಂದು ಕಿಲೋಮೀಟರಿಗೆ 4.5 ಮಿಲಿಗ್ರಾಂಗಿಂತ ಹೆಚ್ಚು ಕಣ ಉಗುಳುವಂತಿಲ್ಲ. ತೂಕದ ಮಿತಿಯ ಜೊತೆಗೆ ಎಣಿಕೆಯ ಮಿತಿಯೂ ಇದೆ: ಕಿಲೋಮೀಟರಿಗೆ 60 ಸಾವಿರ ಕೋಟಿ ಕಣ. ಓದಲು ದೊಡ್ಡ ಸಂಖ್ಯೆ ಅನ್ನಿಸಿದರೂ ಇಂಥ ಗೋಡೆ ಫಿಲ್ಟರ್ ಇಲ್ಲದೆ ಡೀಸೆಲ್ ಕಾರು ಆ ಮಿತಿಯೊಳಗೆ ಇಳಿಯುವುದು ಕಷ್ಟ.

ಕೋಷ್ಟಕ, ಮತ್ತು ಅದನ್ನು ನಂಬುವಾಗಿನ ಎಚ್ಚರ

ಹಿಗ್ಗುವಿಕೆಯನ್ನು ಮಿಲಿಮೀಟರಿನಲ್ಲಿ ಕೊಟ್ಟಿದ್ದೇನೆ: ಒಂದು ಮೀಟರ್ ಉದ್ದದ ಕಡ್ಡಿ 1000 ಡಿಗ್ರಿಯಷ್ಟು ಬಿಸಿಯೇರಿದರೆ ಎಷ್ಟು ಉದ್ದವಾಗುತ್ತದೆ ಎಂಬ ಲೆಕ್ಕ.

| ವಸ್ತು | ಹಿಗ್ಗುವಿಕೆ (ಮಿ.ಮೀ.) | ರಂಧ್ರವಿಲ್ಲದ ಸಾಂದ್ರತೆ (ಗ್ರಾಂ/ಘನ ಸೆಂ.ಮೀ.) | ತಾಳುವ ಮಿತಿ (ಡಿಗ್ರಿ ಸೆ.) |
|---|---|---|---|
| ಕಾರ್ಡಿಯರೈಟ್ | 0.5–1 | 2.5 | ಸುಮಾರು 1450ಕ್ಕೆ ಕರಗುತ್ತದೆ |
| ಸಿಲಿಕಾನ್ ಕಾರ್ಬೈಡ್ | 4–4.5 | 3.2 | ಕರಗದು. 2000ಕ್ಕೂ ಮೇಲೆ ವಿಘಟನೆ |
| ಅಲ್ಯೂಮಿನಿಯಂ ಟೈಟನೇಟ್ | 1ರ ಆಸುಪಾಸು | 3.7 | ಸುಮಾರು 1860ಕ್ಕೆ ಕರಗುತ್ತದೆ |
| ಮುಲ್ಲೈಟ್ | ಸುಮಾರು 5 | 3.1–3.2 | ಸುಮಾರು 1850 |

ಕೊನೆಯ ಕಾಲಮ್ಮನ್ನು ಮಾತ್ರ ನೋಡಿದವರು ಸಿಲಿಕಾನ್ ಕಾರ್ಬೈಡಿಗೆ ಮತ ಹಾಕುತ್ತಾರೆ. ಎರಡನೆಯದನ್ನು ಮಾತ್ರ ನೋಡಿದವರು ಕಾರ್ಡಿಯರೈಟಿಗೆ. ನನ್ನ ಪ್ರಕಾರ ಹೆಚ್ಚು ಜನ ದಾಟಿಹೋಗುವ ಮೂರನೆಯ ಕಾಲಮ್ಮೇ, ಅಂದರೆ ಸಾಂದ್ರತೆಯೇ, ಇಲ್ಲಿ ಕಣ್ಣು ತೆರೆಸುವ ಅಂಕಿ. ಒಂದು ಲೆಕ್ಕ ಮಾಡೋಣ.

ಮುಲ್ಲೈಟನ್ನು ಸದ್ಯಕ್ಕೆ ಬದಿಗಿಟ್ಟು, ಉಳಿದ ಮೂರೂ ವಸ್ತುಗಳಿಂದ ಒಂದೇ ಅಳತೆಯ ಫಿಲ್ಟರ್ ಮಾಡಿದ್ದೇವೆ ಎಂದುಕೊಳ್ಳಿ: ಚದರ ಇಂಚಿಗೆ 200 ಕಿಂಡಿ, 0.3 ಮಿಲಿಮೀಟರ್ ಗೋಡೆ, ಗೋಡೆಯಲ್ಲಿ ಅರ್ಧದಷ್ಟು ರಂಧ್ರ. ಆಗ ಒಟ್ಟು ಗಾತ್ರದಲ್ಲಿ ಗಟ್ಟಿ ವಸ್ತುವಿನ ಪಾಲು ಶೇ. 15ರಿಂದ 16 ಮಾತ್ರ. ಒಂದು ಲೀಟರ್ ಫಿಲ್ಟರಿನಲ್ಲಿ ಕಾರ್ಡಿಯರೈಟ್ ಸುಮಾರು 0.39 ಕಿಲೋ, ಸಿಲಿಕಾನ್ ಕಾರ್ಬೈಡ್ 0.5 ಕಿಲೋ, ಟೈಟನೇಟ್ 0.57 ಕಿಲೋ. ಬಿಸಿಯಲ್ಲಿ ಮೂರರ ವಿಶಿಷ್ಟೋಷ್ಣವೂ ಹೆಚ್ಚುಕಡಿಮೆ ಒಂದೇ, ಗ್ರಾಂ ಒಂದಕ್ಕೆ ಪ್ರತಿ ಡಿಗ್ರಿಗೆ 1.1 ಜೂಲ್. ಒಂದು ಗ್ರಾಂ ಮಸಿ ಪೂರ್ತಿ ಉರಿದರೆ ಸುಮಾರು 33 ಕಿಲೋಜೂಲ್ ಶಾಖ. ಲೀಟರಿಗೆ 6 ಗ್ರಾಂ ಮಸಿ ತುಂಬಿದೆ, ಹತ್ತಿಕೊಂಡಾಗ ಫಿಲ್ಟರ್ 600 ಡಿಗ್ರಿಯಲ್ಲಿದೆ, ಶಾಖವೆಲ್ಲ ಒಳಗೇ ಉಳಿಯಿತು ಎಂದು ಹಿಡಿದರೆ, ಕಾರ್ಡಿಯರೈಟ್ 1060ರ ಹತ್ತಿರ ಬರುತ್ತದೆ, ಸಿಲಿಕಾನ್ ಕಾರ್ಬೈಡ್ 960ರ ಹತ್ತಿರ, ಟೈಟನೇಟ್ 920ರ ಹತ್ತಿರ. ಮಸಿಯನ್ನು 10 ಗ್ರಾಂಗೆ ಏರಿಸಿ. ಕಾರ್ಡಿಯರೈಟ್ 1370ಕ್ಕೆ ಮುಟ್ಟಿ ಕರಗುವ ಅಂಚಿಗೆ ಬಂದು ನಿಲ್ಲುತ್ತದೆ. ಉಳಿದೆರಡು 1100ರಿಂದ 1200ರ ನಡುವೆ ಉಳಿಯುತ್ತವೆ.

ನಿಜದಲ್ಲಿ ಶಾಖ ಎಲ್ಲೆಡೆ ಸಮನಾಗಿ ಹರಡುವುದಿಲ್ಲ. ಉರಿ ಮುಂದಿನಿಂದ ಹಿಂದಕ್ಕೆ ಸಾಗುತ್ತಾ, ಹಿಂದಿನ ಮಸಿಯನ್ನು ಮೊದಲೇ ಕಾಯಿಸುತ್ತಾ ಹೋಗುತ್ತದೆ. ಆದ್ದರಿಂದಲೇ ಕರಗುವ ಪೊಟರೆ ಹಿಂಬದಿಯ ನಡುವೆ ಬೀಳುವುದು. ಅತಿ ಕೆಟ್ಟ ಸಂದರ್ಭ ಯಾವುದು ಎಂದರೆ, ಹೆದ್ದಾರಿಯಲ್ಲಿ ಮಸಿ ಸುಡಲು ಶುರುವಾದಾಗಲೇ ಟೋಲ್ ಗೇಟೋ ಸಿಗ್ನಲ್ಲೋ ಬಂದು ಗಾಡಿ ನಿಲ್ಲುವುದು. ಎಂಜಿನ್ ಐಡ್ಲಿಂಗಿಗೆ ಇಳಿದಾಗ ಹೊಗೆಯ ಹರಿವು ಕಡಿಮೆಯಾಗಿ ಬಿಸಿಯನ್ನು ಹೊತ್ತೊಯ್ಯುವವರಿಲ್ಲ; ಅದೇ ಹೊತ್ತಿಗೆ ಹೊಗೆಯಲ್ಲಿ ಆಮ್ಲಜನಕ ಹೆಚ್ಚು. ಊದುಕೊಳವೆಯಿಂದ ಊದಿ, ಮೇಲೆ ಮುಚ್ಚಳ ಹಾಕಿದ ಹಾಗೆ. ಪ್ರಯೋಗಾಲಯಗಳಲ್ಲಿ ಫಿಲ್ಟರಿನ ಗಟ್ಟಿತನ ಅಳೆಯಲು ಬೇಕೆಂದೇ ಈ ಸ್ಥಿತಿಯನ್ನು ತಂದು, ಮಸಿಯನ್ನು ಹಂತಹಂತವಾಗಿ ಏರಿಸುತ್ತಾ ಹೋಗುತ್ತಾರೆ. ಯಾವ ಹೊರೆಗೆ ಬಿರುಕು ಬಿಡುತ್ತದೋ ಅದೇ ಆ ಫಿಲ್ಟರಿನ ಮಸಿ ಮಿತಿ. ಕಾರ್ಡಿಯರೈಟಿಗೆ ಇದು ಸಾಮಾನ್ಯವಾಗಿ ಲೀಟರಿಗೆ 5–6 ಗ್ರಾಂ ಆಸುಪಾಸು, ಸಿಲಿಕಾನ್ ಕಾರ್ಬೈಡಿಗೆ 8–10.

ಕಾರ್ಡಿಯರೈಟ್: ಬಳಪದ ಕಲ್ಲಿನ ಸಂತಾನ

ನನಗೆ ಈ ವಸ್ತುವಿನ ಮೇಲೆ ಒಲವು ಹೆಚ್ಚು, ಮೊದಲೇ ಹೇಳಿಬಿಡುತ್ತೇನೆ. ಫ್ರೆಂಚ್ ಭೂವಿಜ್ಞಾನಿ ಕಾರ್ಡಿಯರ್ ಅವರ ಹೆಸರು ಹೊತ್ತ ಖನಿಜ ಇದು. ಇದರದೇ ಪಾರದರ್ಶಕ ನೀಲಿ ಹರಳು ಐಯೊಲೈಟ್ ಹೆಸರಿನಲ್ಲಿ ಒಡವೆ ಅಂಗಡಿಗೆ ಬರುತ್ತದೆ. ಕಾರ್ಖಾನೆಯಲ್ಲಿ ಇದನ್ನು ಮಾಡುವುದು ಟಾಲ್ಕ್, ಕೆಯೊಲಿನ್ ಜೇಡಿಮಣ್ಣು ಮತ್ತು ಅಲ್ಯೂಮಿನಾ ಬೆರೆಸಿ, 1400 ಡಿಗ್ರಿಗೂ ಸ್ವಲ್ಪ ಮೇಲೆ ಸುಟ್ಟು. ಟಾಲ್ಕ್ ಎಂದರೆ ನಮ್ಮ ಬಳಪದ ಕಲ್ಲಿನ ಮುಖ್ಯ ಖನಿಜ. ಸ್ಲೇಟಿನ ಮೇಲೆ ಅಕ್ಷರ ತಿದ್ದಿದವರ ಬೆರಳಿಗೆ ಅದರ ನುಣುಪು ಇನ್ನೂ ನೆನಪಿರುತ್ತದೆ.

ಆ ನುಣುಪಿಗೆ ಕಾರಣ ಅದರ ಪದರ ಪದರದ ರಚನೆ. ಕೆಯೊಲಿನ್ ಕೂಡ ಹಾಗೆಯೇ ಚಪ್ಪಟೆ ಬಿಲ್ಲೆಗಳ ರಾಶಿ. ಈ ಹಿಟ್ಟನ್ನು ನೀರು, ಅಂಟು ಸೇರಿಸಿ ನಾದಿ, ಅಚ್ಚಿನ ಸಣ್ಣ ಸೀಳುಗಳ ಮೂಲಕ ಒತ್ತಿದಾಗ ಬಿಲ್ಲೆಗಳು ಗೋಡೆಗೆ ಸಮಾನಾಂತರವಾಗಿ ಮಲಗುತ್ತವೆ. ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತುವುದು ಕಂಡವರಿಗೆ ಒತ್ತಡ ಹಿಟ್ಟನ್ನು ಹೇಗೆ ಸಾಲುಗಟ್ಟಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಸುಟ್ಟಾಗ ಹುಟ್ಟುವ ಕಾರ್ಡಿಯರೈಟ್ ಹರಳುಗಳೂ ಆ ಸಾಲನ್ನೇ ಹಿಡಿಯುತ್ತವೆ. ಈ ಹರಳು ಒಂದು ದಿಕ್ಕಿನಲ್ಲಿ ಬಿಸಿಗೆ ಹಿಗ್ಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಕುಗ್ಗುತ್ತದೆ. ಕುಗ್ಗುವ ದಿಕ್ಕು ಗೋಡೆಯ ಉದ್ದಕ್ಕೆ ಬರುವುದರಿಂದ ಒಟ್ಟು ಹಿಗ್ಗುವಿಕೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಹಿಗ್ಗದ ವಸ್ತುವಿಗೆ ಥಟ್ಟನೆ ಬಿಸಿಯಾದರೂ ಥಟ್ಟನೆ ತಣಿದರೂ ಒಳಗೆ ಎಳೆದಾಟವಿಲ್ಲ, ಬಿರುಕಿಲ್ಲ. ಅಮೆರಿಕದ ಕಾರ್ನಿಂಗ್ ಕಂಪನಿಯಲ್ಲಿ ರಾಡ್ನಿ ಬ್ಯಾಗ್ಲಿ, ಇರ್ವಿನ್ ಲಾಖ್‌ಮನ್, ರೊನಾಲ್ಡ್ ಲೂಯಿಸ್ ಎಂಬ ಮೂವರು 1970ರ ದಶಕದ ಮೊದಲ ವರ್ಷಗಳಲ್ಲಿ ಪೆಟ್ರೋಲ್ ಕಾರುಗಳ ಕ್ಯಾಟಲಿಟಿಕ್ ಕನ್ವರ್ಟರಿಗಾಗಿ ಈ ಜೇನುಹುಟ್ಟನ್ನು ಮಾಡಿ ತೋರಿಸಿದರು. ಅದೇ ದಶಕದ ಕೊನೆಗೆ ಅಲ್ಲಿಯೇ ಬಿರಡೆ ಹಾಕಿದ ಡೀಸೆಲ್ ಫಿಲ್ಟರೂ ಬಂತು.

ಹಾಗೆಂದು ದಾರಿ ಸುಗಮವಾಗಿರಲಿಲ್ಲ. 1985ರಲ್ಲಿ ಮರ್ಸಿಡಿಸ್ ಬೆಂಜ್ ಕ್ಯಾಲಿಫೋರ್ನಿಯಾದಲ್ಲಿ ಮಾರಿದ ಡೀಸೆಲ್ ಕಾರುಗಳಿಗೆ ಸೆರಾಮಿಕ್ ಫಿಲ್ಟರ್ ಹಾಕಿತ್ತು; ಅದು ಬಹಳ ಕಾಲ ಉಳಿಯಲಿಲ್ಲ. ಮಸಿಯನ್ನು ಯಾವಾಗ, ಹೇಗೆ ಸುಡಬೇಕು ಎಂದು ನಿರ್ಧರಿಸುವ ಎಲೆಕ್ಟ್ರಾನಿಕ್ಸ್ ಆಗ ಇಷ್ಟು ಬೆಳೆದಿರಲಿಲ್ಲ.

ಕಾರ್ಡಿಯರೈಟಿನ ಬಲ ಕಾಣಬೇಕಾದರೆ ದೊಡ್ಡ ಲಾರಿಗಳ ಕಡೆ ನೋಡಿ. ಅಮೆರಿಕದಲ್ಲಿ 2007ರ ನಿಯಮದಿಂದ ಹೆದ್ದಾರಿ ಲಾರಿಗಳಿಗೆ ಡಿಪಿಎಫ್ ಬಂದಾಗ ಮುಖ್ಯವಾಗಿ ಬಳಕೆಯಾದದ್ದು ಇದೇ. ಗಂಟೆಗಟ್ಟಲೆ ಭಾರ ಎಳೆಯುವ ಎಂಜಿನ್ನಿನ ಹೊಗೆ 250ರಿಂದ 400 ಡಿಗ್ರಿಯಲ್ಲಿ ನಿಂತಿರುತ್ತದೆ. ಮುಂದಿರುವ ಪ್ಲಾಟಿನಂ ಲೇಪದ ಕ್ಯಾಟಲಿಸ್ಟ್ ಹೊಗೆಯಲ್ಲಿನ ನೈಟ್ರಿಕ್ ಆಕ್ಸೈಡನ್ನು ನೈಟ್ರೋಜನ್ ಡೈಆಕ್ಸೈಡ್ ಮಾಡುತ್ತದೆ. ಅದು ಅಷ್ಟು ಕಡಿಮೆ ಬಿಸಿಯಲ್ಲೇ ಮಸಿಯನ್ನು ಮೆಲ್ಲನೆ ತಿನ್ನುತ್ತಾ ಹೋಗುತ್ತದೆ. ಮಸಿ ಗುಡ್ಡೆಯಾಗುವುದೇ ಇಲ್ಲದಿದ್ದರೆ ಹುಚ್ಚು ಉರಿ ಹುಟ್ಟುವುದೆಲ್ಲಿಂದ? ಅಂಥ ಕಡೆ ಹಗುರ, ಅಗ್ಗ, ಒಂದೇ ತುಂಡಿನಲ್ಲಿ ದೊಡ್ಡದಾಗಿ ಮಾಡಬಹುದಾದ ಕಾರ್ಡಿಯರೈಟ್ ಬಿಟ್ಟು ಬೇರೆಯದಕ್ಕೆ ದುಡ್ಡು ಸುರಿಯುವುದು ವ್ಯರ್ಥ. ಆದರೆ ಈ ದಾರಿಗೆ ಗಂಧಕ ಕಡಿಮೆ ಇರುವ ಡೀಸೆಲ್ ಬೇಕೇ ಬೇಕು. ಬಿಎಸ್-4ರ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಪಾಲು) ಗಂಧಕ ಬಿಎಸ್-6ರಲ್ಲಿ 10ಕ್ಕೆ ಇಳಿದದ್ದು ಅದಕ್ಕಾಗಿಯೂ ಹೌದು.

ಇದರ ದೌರ್ಬಲ್ಯ ಎರಡು. ಮೇಲಿನ ಲೆಕ್ಕದಲ್ಲಿ ಕಂಡಂತೆ ಶಾಖ ಹೀರುವ ಮೈ ಕಡಿಮೆ. ಇನ್ನೊಂದು, ಬೂದಿಯ ಕಾಟ. ಎಂಜಿನ್ ಆಯಿಲ್‌ನಿಂದ ಬರುವ ಕ್ಯಾಲ್ಸಿಯಂ, ಸತು, ರಂಜಕದ ಬೂದಿ ಅತಿ ಬಿಸಿಯಲ್ಲಿ ಕಾರ್ಡಿಯರೈಟಿನೊಂದಿಗೆ ಬೆರೆತು, ಅದು ಕರಗುವ ಬಿಂದುವನ್ನೇ ಕೆಳಗಿಳಿಸಿ ಸೂಜಿ ಚುಚ್ಚಿದಂಥ ತೂತು ಮಾಡಬಲ್ಲದು.

ಸಿಲಿಕಾನ್ ಕಾರ್ಬೈಡ್: ಗಟ್ಟಿ, ಆದರೆ ತುಂಡು ತುಂಡು

ಪೇಂಟ್ ಅಂಗಡಿಯ ಕಪ್ಪು ವಾಟರ್ ಪೇಪರಿನಲ್ಲಿ ಮಿನುಗುವ ಪುಡಿ ಇದೇ. ಸಾಣೆಕಲ್ಲಿನ ವಸ್ತು ಫಿಲ್ಟರಾಗಿ ಹೆಸರು ಮಾಡಿದ್ದು 2000ದಲ್ಲಿ, ಫ್ರಾನ್ಸಿನ ಪ್ಯೂಜೊ 607 ಕಾರಿನಿಂದ. ಜಪಾನಿನ ಇಬಿಡೆನ್ ಕಂಪನಿಯ ಸಿಲಿಕಾನ್ ಕಾರ್ಬೈಡ್ ಫಿಲ್ಟರ್, ಮಸಿ ಕಡಿಮೆ ಬಿಸಿಯಲ್ಲೇ ಹತ್ತಿಕೊಳ್ಳಲೆಂದು ಡೀಸೆಲ್‌ಗೆ ಬೆರೆಸುವ ಸೀರಿಯಂ ದ್ರವ, ಎರಡೂ ಸೇರಿ ಕಾರಿನಲ್ಲಿ ಡಿಪಿಎಫ್ ನಿಜವಾಗಿ ಬಾಳಿಕೆ ಬರುತ್ತದೆ ಎಂದು ತೋರಿಸಿದವು. ಆಮೇಲೆ ಯುರೋಪಿನ ಕಾರುಗಳಲ್ಲಿ ಬಹುಕಾಲ ಇದರದೇ ಆಳ್ವಿಕೆ.

ಇದಕ್ಕೆ ಶಾಖವಾಹಕತೆ ಕಾರ್ಡಿಯರೈಟಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಒಂದು ಕಡೆ ಉರಿ ಎದ್ದರೆ ಶಾಖ ಬೇಗ ಸುತ್ತ ಹರಡಿ ಒಂದೇ ಜಾಗ ಕೆಂಪಾಗದಂತೆ ನೋಡಿಕೊಳ್ಳುತ್ತದೆ. ಬಲವೂ ಹಲವು ಪಟ್ಟು ಹೆಚ್ಚು. ಆದರೆ ಬಿಸಿಗೆ ಹಿಗ್ಗುತ್ತದೆ, ಗಟ್ಟಿಯಾಗಿರುವುದರಿಂದ ಬಾಗುವುದೂ ಇಲ್ಲ. ದೊಡ್ಡ ಒಂದೇ ತುಂಡಾಗಿ ಮಾಡಿದರೆ ನಡುವಿನ ಬಿಸಿ ಅಂಚಿನ ತಂಪನ್ನು ಎಳೆದು ಸೀಳಿಬಿಡುತ್ತದೆ. ಅದಕ್ಕೇ ಸುಮಾರು 35 ಮಿಲಿಮೀಟರ್ ಚೌಕದ ಕಂಬಗಳನ್ನು ಬೇರೆ ಬೇರೆ ಒತ್ತಿ, ಸುಟ್ಟು, ಸೆರಾಮಿಕ್ ಸಿಮೆಂಟಿನಿಂದ ಜೋಡಿಸಿ, ಆಮೇಲೆ ದುಂಡಗೆ ಕೊರೆಯುತ್ತಾರೆ. ಸೇತುವೆಯ ಹಾಸುಗಳ ನಡುವೆ ಬಿಡುವ ಸಂದಿ ಮಾಡುವ ಕೆಲಸವನ್ನೇ ಇಲ್ಲಿ ಸಿಮೆಂಟ್ ಗೆರೆಗಳು ಮಾಡುತ್ತವೆ. ಫಿಲ್ಟರಿನ ಮುಖದಲ್ಲಿ ಚೌಕುಳಿ ಗೆರೆ ಕಂಡರೆ ಅದು ಸಿಲಿಕಾನ್ ಕಾರ್ಬೈಡ್ ಎಂದು ಗ್ಯಾರೇಜಿನಲ್ಲೇ ಊಹಿಸಬಹುದು.

ಬೆಲೆ ಏರುವುದೂ ಇಲ್ಲಿಯೇ. ಇಷ್ಟೊಂದು ಹಂತ, ಜೊತೆಗೆ 2000 ಡಿಗ್ರಿಗೂ ಮೇಲೆ, ಆಮ್ಲಜನಕ ಸೋಕದ ಕುಲುಮೆಯಲ್ಲಿ ಸುಡಬೇಕು. ಸಿಲಿಕಾನ್ ಲೋಹವನ್ನೇ ಅಂಟಾಗಿ ಬಳಸಿ ಇದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲಿ ಸುಡುವ ಬಗೆಯೂ ಇದೆ. ಜಪಾನಿನ ಎನ್‌ಜಿಕೆ ಕಂಪನಿ ಆ ದಾರಿ ಹಿಡಿಯಿತು. ಆದರೆ ಸಿಲಿಕಾನ್ 1414 ಡಿಗ್ರಿಗೆ ಕರಗುತ್ತದೆ ಎಂಬುದನ್ನು ಆ ಬಗೆ ಆರಿಸುವವರು ನೆನಪಿಡಬೇಕು. ಕೋಷ್ಟಕದ 2000 ಅಲ್ಲಿ ಅನ್ವಯಿಸುವುದಿಲ್ಲ.

ಅಲ್ಯೂಮಿನಿಯಂ ಟೈಟನೇಟ್: ಬಿರುಕನ್ನೇ ಬಲ ಮಾಡಿಕೊಂಡದ್ದು

ಕಾರ್ನಿಂಗ್ 2005ರಲ್ಲಿ ಕಾರುಗಳಿಗೆಂದು ಇದನ್ನು ಮಾರುಕಟ್ಟೆಗೆ ತಂದಿತು. ಉದ್ದೇಶ ಸ್ಪಷ್ಟವಾಗಿತ್ತು: ಸಿಲಿಕಾನ್ ಕಾರ್ಬೈಡಿನಷ್ಟು ಮಸಿ ಹೊರಬೇಕು, ಆದರೆ ತುಂಡು ಜೋಡಿಸುವ ಗೋಜು ಬೇಡ.

ಇದರ ಹರಳು ಬೇರೆ ಬೇರೆ ದಿಕ್ಕಿನಲ್ಲಿ ಬಹಳ ಬೇರೆ ಬೇರೆಯಾಗಿ ಹಿಗ್ಗುತ್ತದೆ. ಕುಲುಮೆಯಿಂದ ತಣಿಯುವಾಗ ಅಕ್ಕಪಕ್ಕದ ಹರಳುಗಳು ಜಗ್ಗಾಡಿ ಮೈತುಂಬ ಸೂಕ್ಷ್ಮ ಬಿರುಕು ಬಿಡುತ್ತವೆ. ಕೇಳಲು ದೋಷದಂತಿದೆ. ಆದರೆ ಮತ್ತೆ ಬಿಸಿಯಾದಾಗ ಹರಳುಗಳು ಹಿಗ್ಗುವುದು ಆ ಬಿರುಕುಗಳ ಒಳಕ್ಕೇ. ಹೊರಗಿನ ಅಳತೆ ಅಷ್ಟಾಗಿ ಬದಲಾಗುವುದಿಲ್ಲ. ಜೊತೆಗೆ ಬಿರುಕುಳ್ಳ ಮೈ ಸ್ವಲ್ಪ ಬಾಗುತ್ತದೆ, ಆದ್ದರಿಂದ ಒಡೆಯುವುದಿಲ್ಲ. ಶಾಖ ಹರಡುವುದರಲ್ಲಿ ಇದು ಹಿಂದೆ, ಸರಿ. ಆದರೆ ಮೈತೂಕದಿಂದಲೇ ಬಿಸಿಯನ್ನು ನುಂಗಿಕೊಳ್ಳುತ್ತದೆ ಎಂದು ಮೇಲಿನ ಲೆಕ್ಕ ಹೇಳಿತಲ್ಲ.

ತೊಂದರೆ ರಸಾಯನದ್ದು. ಶುದ್ಧ ಅಲ್ಯೂಮಿನಿಯಂ ಟೈಟನೇಟ್ ಸುಮಾರು 750ರಿಂದ 1280 ಡಿಗ್ರಿಯ ನಡುವೆ ಸ್ಥಿರವಲ್ಲ. ಆ ಬಿಸಿಯಲ್ಲಿ ಬಹಳ ಹೊತ್ತು ಇದ್ದರೆ ಅಲ್ಯೂಮಿನಾ ಮತ್ತು ರೂಟೈಲ್ (ಟೈಟಾನಿಯಂ ಡೈಆಕ್ಸೈಡ್) ಆಗಿ ಒಡೆದು ಬೇರಾಗುತ್ತದೆ. ಫಿಲ್ಟರ್ ಬಿಸಿಯೇರಿದಾಗ ಇರುವುದೂ ಅದೇ ವ್ಯಾಪ್ತಿಯಲ್ಲಿ. ಮೆಗ್ನೀಸಿಯಂ, ಕಬ್ಬಿಣ, ಸ್ಟ್ರಾನ್ಷಿಯಂ ಇರುವ ಸಿಲಿಕೇಟ್ ಮುಂತಾದ ಬೆರಕೆಗಳಿಂದ ಇದನ್ನು ಹಿಡಿದು ನಿಲ್ಲಿಸುತ್ತಾರೆ. ಯಾವ ಬೆರಕೆ, ಎಷ್ಟು ಎಂಬುದರಲ್ಲೇ ವರ್ಷಗಟ್ಟಲೆಯ ಕೆಲಸವಿದೆ. ಬಲವೂ ಕಡಿಮೆ. ಲೋಹದ ಡಬ್ಬಿಗೆ ತುರುಕುವಾಗ, ಗುಂಡಿ ಬಿದ್ದ ರಸ್ತೆಯಲ್ಲಿ ಅದುರುವಾಗ ಸುತ್ತಲಿನ ಮೆತ್ತೆ (ಮ್ಯಾಟ್) ಸರಿಯಿಲ್ಲದಿದ್ದರೆ ಅಂಚು ಉದುರುತ್ತದೆ.

ಸೂಜಿಯಂಥ ಹರಳುಗಳ ಮುಲ್ಲೈಟ್ ಫಿಲ್ಟರನ್ನು ಅಮೆರಿಕದ ಡೌ ಕಂಪನಿ ಬೆಳೆಸಿತ್ತು. ಹುಲ್ಲಿನ ಬಣವೆಯಂತೆ ಹೆಣೆದ ಸೂಜಿಗಳ ನಡುವೆ ಗಾಳಿಗೆ ಧಾರಾಳ ದಾರಿ, ರಂಧ್ರ ಹೆಚ್ಚಿದ್ದರೂ ಒಳ್ಳೆಯ ಬಲ. ಆದರೆ ಸೂಜಿ ಬೆಳೆಸಲು ಫ್ಲೋರಿನ್ ಇರುವ ಅನಿಲ ಬೇಕು, ಹಿಗ್ಗುವಿಕೆಯೂ ಜಾಸ್ತಿ. ಓದಲು ಬಲು ಚೆಂದದ ವಸ್ತು. ಆರಿಸಿಕೊಳ್ಳುವ ಪಟ್ಟಿಯಲ್ಲಿ ಇಂದು ಇಡಲಾರೆ.

ವಸ್ತುವಿಗಿಂತ ರಂಧ್ರ ಹೆಚ್ಚು ಹೇಳುತ್ತದೆ

ಇತ್ತೀಚಿನ ವರ್ಷಗಳಲ್ಲಿ ಬೆಳವಣಿಗೆ ಹೆಚ್ಚು ಆಗಿರುವುದು ಗೋಡೆಯ ಒಳಗೆ. ಮಿಶ್ರಣಕ್ಕೆ ಪಿಷ್ಟ ಅಥವಾ ಗ್ರಾಫೈಟ್ ಪುಡಿ ಬೆರೆಸಿ ಸುಟ್ಟರೆ ಅವು ಉರಿದುಹೋಗಿ ತಮ್ಮ ಜಾಗದಲ್ಲಿ ರಂಧ್ರ ಬಿಟ್ಟು ಹೋಗುತ್ತವೆ. ಪಿಷ್ಟದ ಕಾಳಿನ ಗಾತ್ರವೇ ರಂಧ್ರದ ಗಾತ್ರವನ್ನು ನಿರ್ಧರಿಸುತ್ತದೆ. ಶೇ. 45–50 ರಂಧ್ರ ಸಾಮಾನ್ಯ ಫಿಲ್ಟರಿಗೆ ಸಾಕು. ಯೂರಿಯಾದಿಂದ ನೈಟ್ರೋಜನ್ ಆಕ್ಸೈಡ್ ಕಳೆಯುವ ಕ್ಯಾಟಲಿಸ್ಟನ್ನೂ ಗೋಡೆಯೊಳಗೇ ತುಂಬಬೇಕಾದರೆ ಶೇ. 60ಕ್ಕೂ ಹೆಚ್ಚು ಬೇಕು, ಇಲ್ಲವಾದರೆ ಲೇಪ ಹಚ್ಚಿದ ಮೇಲೆ ಗಾಳಿಗೆ ದಾರಿಯೇ ಉಳಿಯುವುದಿಲ್ಲ. ಆದರೆ ರಂಧ್ರ ಹೆಚ್ಚಿದಷ್ಟೂ ಬಲ ಕುಂದುತ್ತದೆ, ಶಾಖ ಹೀರುವ ಮೈಯೂ ಕಡಿಮೆಯಾಗುತ್ತದೆ. ಮೇಲಿನ ಲೆಕ್ಕವನ್ನು ಶೇ. 65 ರಂಧ್ರ ಹಾಕಿ ಮತ್ತೆ ಮಾಡಿ ನೋಡಿ. ಕಾರ್ಡಿಯರೈಟಿಗೆ 6 ಗ್ರಾಂ ಮಸಿಯೇ 1250 ಡಿಗ್ರಿ ದಾಟಿಸುತ್ತದೆ. ಅಂಥ ಕಡೆ ಮೈಬಲ ಇರುವ ಸಿಲಿಕಾನ್ ಕಾರ್ಬೈಡ್ ಮೇಲು.

ರಂಧ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರುವುದೂ ಮುಖ್ಯ. ನಾಲ್ಕು ದೊಡ್ಡ ರಂಧ್ರಗಳಿದ್ದರೆ ಗಾಳಿಯೆಲ್ಲ ಅತ್ತಲೇ ನುಗ್ಗುತ್ತದೆ, ಕಣಗಳೂ ಅದರ ಜೊತೆಗೇ ಹೊರಗೆ.

ಬೂದಿಯ ವಿಷಯವಾಗಿ ಒಂದು ಮಾತು. ಮಸಿ ಸುಟ್ಟರೆ ಹೋಗುತ್ತದೆ, ಬೂದಿ ಹೋಗುವುದಿಲ್ಲ. ಒಳಬರುವ ಕಿಂಡಿಗಳ ಹಿಂತುದಿಯಲ್ಲಿ ಗಟ್ಟಿಯಾಗಿ ಕೂರುತ್ತಾ ಬರುತ್ತದೆ. ಒಳಬರುವ ಕಿಂಡಿ ದೊಡ್ಡದು, ಹೊರಹೋಗುವುದು ಚಿಕ್ಕದು ಹೀಗೆ ಮಾಡಿದ ಫಿಲ್ಟರ್ ಸಿಕ್ಕರೆ, ಎರಡು ವಸ್ತುಗಳ ನಡುವೆ ತೂಗಾಡುತ್ತಿದ್ದವರು ಅದನ್ನೇ ಆರಿಸಿ. ಆಯಿಲ್ ಕೂಡ ಬೂದಿ ಕಡಿಮೆ ಬಿಡುವ ದರ್ಜೆಯದೇ ಇರಬೇಕು. ಹಳೆಯ ಗಾಡಿಗೆ ತಂದಿದ್ದ ಡ್ರಮ್ಮಿನ ಆಯಿಲನ್ನೇ ಬಿಎಸ್-6 ಗಾಡಿಗೂ ಸುರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವ ಸೆರಾಮಿಕ್ಕೂ ಅದನ್ನು ಬಹಳ ದಿನ ತಾಳದು.

ಹಾಗಾದರೆ ಯಾವುದಕ್ಕೆ ಯಾವುದು

ದೂರದೂರಿಗೆ ಓಡುವ ಲಾರಿ, ರಾತ್ರಿಯಿಡೀ ಓಡುವ ಸ್ಲೀಪರ್ ಬಸ್ಸು: ಕಾರ್ಡಿಯರೈಟ್. ಅನುಮಾನವೇ ಬೇಡ.

ನಗರದ ಬಸ್ಸು ಕಷ್ಟದ ಪ್ರಶ್ನೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ಆಮೆನಡಿಗೆಯಲ್ಲಿ ಹೋಗುವ ಬಸ್ಸಿನ ಹೊಗೆ ಮಸಿ ತಿನ್ನುವಷ್ಟು ಬಿಸಿಯಾಗುವುದೇ ಇಲ್ಲ. ಮಸಿ ಸೇರುತ್ತಾ ಹೋಗುತ್ತದೆ, ಆಮೇಲೆ ಹೆಚ್ಚು ಡೀಸೆಲ್ ಚೆಲ್ಲಿ 600 ಡಿಗ್ರಿಗೆ ಏರಿಸಿ ಸುಡಬೇಕು, ಅದೂ ಆಗಾಗ ಅರ್ಧಕ್ಕೇ ನಿಲ್ಲುತ್ತದೆ. ಡಿಪೊದಲ್ಲಿ ನಿಲ್ಲಿಸಿ ಪೂರ್ತಿ ಸುಡಿಸುವ ಶಿಸ್ತು ಇದ್ದರೆ ಕಾರ್ಡಿಯರೈಟ್ ಸಾಕು. ಆ ಶಿಸ್ತಿನ ಮೇಲೆ ನಂಬಿಕೆ ಇಲ್ಲದಿದ್ದರೆ ಸಿಲಿಕಾನ್ ಕಾರ್ಬೈಡಿಗೆ ಹೆಚ್ಚು ಕೊಡುವುದೇ ಒಳ್ಳೆಯದು. ಒಂದು ಫಿಲ್ಟರ್ ಕರಗಿದರೆ ಆ ಉಳಿತಾಯವೆಲ್ಲ ಹೋಯಿತು.

ಡೀಸೆಲ್ ಕಾರಿಗೆ ಸಿಲಿಕಾನ್ ಕಾರ್ಬೈಡ್ ಅಥವಾ ಟೈಟನೇಟ್. ಗಾಡಿ ತಯಾರಿಸಿದವರು ಯಾವುದಕ್ಕೆ ಸಾಫ್ಟ್‌ವೇರ್ ಹೊಂದಿಸಿದ್ದಾರೋ ಅದೇ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಬದಲಿ ಫಿಲ್ಟರ್ ಕೊಳ್ಳುವಾಗ ಆಗುವ ದೊಡ್ಡ ತಪ್ಪು ಇಲ್ಲೇ. ಲೀಟರಿಗೆ 8 ಗ್ರಾಂ ಮಸಿ ತುಂಬಿದ ಮೇಲೆ ಸುಡಬೇಕೆಂದು ಲೆಕ್ಕ ಹಾಕಿರುವ ಕಾರಿಗೆ ಅಗ್ಗದ ಕಾರ್ಡಿಯರೈಟ್ ಬದಲಿ ಹಾಕಿದರೆ ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲ. ಅದು 8 ಗ್ರಾಂ ಆಗುವವರೆಗೂ ಕಾಯುತ್ತದೆ. ಕೊಳ್ಳುವ ಮುಂಚೆ ಒಳಗಿನ ವಸ್ತು ಯಾವುದು ಎಂದು ಕೇಳಿ, ಉತ್ತರ ಬರದಿದ್ದರೆ ಕೊಳ್ಳಬೇಡಿ. ಇನ್ನು ಫಿಲ್ಟರನ್ನೇ ಕಿತ್ತು ಖಾಲಿ ಡಬ್ಬಿ ಬಿಡುವವರೂ ಇದ್ದಾರೆ. ಆ ಹೊಗೆ ಹೋಗುವುದು ಹಿಂದಿನ ಸ್ಕೂಟರಿನಲ್ಲಿ ಕೂತ ಮಗುವಿನ ಎದೆಗೆ.

ಜೆಸಿಬಿ, ಜನರೇಟರ್: ಒಂದೇ ವೇಗದಲ್ಲಿ ಭಾರ ಹೊತ್ತು ಓಡುವುದಾದರೆ ಕಾರ್ಡಿಯರೈಟ್. ಹೆಚ್ಚು ಹೊತ್ತು ಖಾಲಿ ಓಡುವುದಾದರೆ ಬಸ್ಸಿನ ಮಾತೇ ಇಲ್ಲಿಗೂ.

ಹೊಸದಾಗಿ ಮಾಡಲು ಹೊರಟವರಿಗೆ

ಪ್ರಯೋಗಾಲಯದಲ್ಲಿ ಶುರು ಮಾಡುವ ವಿದ್ಯಾರ್ಥಿಗಳು ಹೊಸದು ಎಂಬ ಆಸೆಗೆ ನೇರ ಟೈಟನೇಟಿಗೆ ಹೋಗುತ್ತಾರೆ. ಬೇಡ ಎನ್ನುತ್ತೇನೆ. ಮೊದಲು ಕಾರ್ಡಿಯರೈಟ್ ಮಾಡಿ. ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂ ಕಡಿಮೆ ಇರುವ ಟಾಲ್ಕ್ ಮತ್ತು ಜೇಡಿಮಣ್ಣು ಹುಡುಕುವುದೇ ಮೊದಲ ಪಾಠ; ಇವು ಸ್ವಲ್ಪ ಹೆಚ್ಚಾದರೂ ಹಿಗ್ಗುವಿಕೆ ಏರುತ್ತದೆ. ಅಚ್ಚಿನಿಂದ ಒತ್ತುವುದು, ಬಿರುಕಿಲ್ಲದೆ ಒಣಗಿಸುವುದು, ಪಿಷ್ಟ ಉರಿಯುವಾಗ ಕುಲುಮೆಯನ್ನು ನಿಧಾನಿಸುವುದು ಇಲ್ಲಿ ಕೈಗೆ ಬಂದರೆ ಉಳಿದ ವಸ್ತುಗಳಿಗೂ ಬರುತ್ತದೆ. ಟೈಟನೇಟಿಗೆ ಹೋದಾಗ ಸುಟ್ಟ ತುಂಡನ್ನು ಒಮ್ಮೆ ಅಳೆದು ಬಿಡಬೇಡಿ. 1100 ಡಿಗ್ರಿಯಲ್ಲಿ 100 ಗಂಟೆ ಇಟ್ಟು, ಎಕ್ಸ್‌ರೇ ವಿವರ್ತನೆಯಲ್ಲಿ ರೂಟೈಲ್ ಕಾಣಿಸುತ್ತದೆಯೇ ನೋಡಿ, ಹಿಗ್ಗುವಿಕೆಯನ್ನು ಮತ್ತೆ ಅಳೆಯಿರಿ. ಮೊದಲ ದಿನದ ಅಂಕಿಗೂ ಆ ದಿನದ ಅಂಕಿಗೂ ಇರುವ ಅಂತರವೇ ನಿಮ್ಮ ಬೆರಕೆಯ ಪರೀಕ್ಷೆ.

ಕೊನೆಗೆ, ಮಸಿ ತುಂಬಿಸಿ ಸುಡುವ ಪರೀಕ್ಷೆಗೆ ಬಂದಾಗ ಬಿಸಿ ಅಳೆಯುವ ಥರ್ಮೋಕಪಲ್‌ಗಳನ್ನು ಹಿಂಬದಿಯ ನಡುವೆ, ಬಿರಡೆಯಿಂದ ಎರಡು ಮೂರು ಸೆಂಟಿಮೀಟರ್ ಒಳಗೆ ಇಡಿ. ಮುಂಬದಿಯ ಅಂಕಿ ಸಮಾಧಾನ ಕೊಡುತ್ತದೆ, ಸತ್ಯ ಹೇಳುವುದಿಲ್ಲ. ಸುಟ್ಟ ಮೇಲೆ ಹೊರಹೋಗುವ ಮುಖವನ್ನು ಬಿಳಿ ಬಟ್ಟೆಯಿಂದ ಒರೆಸಿ: ಬಟ್ಟೆ ಕಪ್ಪಾದರೆ ಒಳಗೆ ಎಲ್ಲೋ ಬಿರುಕಿದೆ. ಮಸಿಯ ತೂಕ ನೋಡುವಾಗ ಫಿಲ್ಟರನ್ನು 150 ಡಿಗ್ರಿಗಿಂತ ಮೇಲೆ, ಬಿಸಿ ಬಿಸಿಯಾಗಿಯೇ ತಕ್ಕಡಿಗೆ ಇಡಿ. ತಣ್ಣಗಾದರೆ ಅದು ಗಾಳಿಯ ತೇವ ಹೀರಿ ಹಲವು ಗ್ರಾಂ ಭಾರವಾಗುತ್ತದೆ, ನಿಮ್ಮ ಮಸಿಯ ಲೆಕ್ಕವೆಲ್ಲ ನೀರಿನ ಲೆಕ್ಕವಾಗಿಬಿಡುತ್ತದೆ.